ಥೈಲ್ಯಾಂಡ್ ಟೂರ್ ಪ್ಯಾಕೇಜಲ್ಲಿ ಆನೆ ಸವಾರಿ, ಹುಲಿ ಮರಿ ಜೊತೆ ಫೋಟೊ ಇದೆ. ಇರಲಿ ಅನ್ನೋದಾ, ತೆಗೆಸೋದಾ?

ಕುಂದಾಪ್ರಿಯ, ಬೆಳಗಾವಿ

ನಮಸ್ಕಾರ. ಡಿಸೆಂಬರ್ ರಜೆಗೆ ನಾವು ಮತ್ತು ನಮ್ಮ ಅಣ್ಣನ ಮನೆಯವರು ಸೇರಿ ಥೈಲ್ಯಾಂಡಿಗೆ ಹೋಗಬೇಕು ಅಂತ ಮಾಡಿದ್ದೇವೆ. ಅವ್ವನೂ ಬರುತ್ತಾರೆ, ಮಕ್ಕಳೂ ಇರುತ್ತಾರೆ. ಊರಲ್ಲೇ ಒಬ್ಬ ಏಜೆಂಟರ ಹತ್ತಿರ ಪ್ಯಾಕೇಜ್ ಕೇಳಿದ್ದೇವೆ, ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ. ಬ್ಯಾಂಕಾಕ್, ಪಟ್ಟಾಯ, ಕೊನೆಗೆ ಚಿಯಾಂಗ್ ಮಾಯ್.

ಅವರು ವಾಟ್ಸಾಪಿಗೆ ಕಳಿಸಿದ ಲಿಸ್ಟಲ್ಲಿ ಪಟ್ಟಾಯದ ದಿನ "ಆನೆ ಸವಾರಿ, ಅರ್ಧ ಗಂಟೆ" ಅಂತಿದೆ. ಅದರ ಕೆಳಗೆ "ಹುಲಿ ಮರಿ ಜೊತೆ ಫೋಟೊ". ಚಿಯಾಂಗ್ ಮಾಯ್‌ನಲ್ಲಿ "ಆನೆಗೆ ಸ್ನಾನ ಮಾಡಿಸುವುದು, ಎಥಿಕಲ್ ಸ್ಯಾಂಕ್ಚುರಿ" ಅಂತಿದೆ, ಅದಕ್ಕೆ ಬೇರೆ ರೇಟು, ಸ್ವಲ್ಪ ಜಾಸ್ತಿನೇ.

ಮಗಳು ಏಳನೇ ಕ್ಲಾಸು. ಲಿಸ್ಟ್ ಓದಿದವಳೇ ಆನೆ ಮೇಲೆ ನಾನು ಕೂರೋದಿಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು. ಅಣ್ಣನ ವಾದ ಬೇರೆ. ದುಡ್ಡು ಪ್ಯಾಕೇಜಲ್ಲೇ ಸೇರಿದೆ, ನಾವು ಹತ್ತದಿದ್ದರೆ ನಮ್ಮ ಹಿಂದೆ ಲೈನಲ್ಲಿ ನಿಂತವರು ಹತ್ತುತ್ತಾರೆ, ಅದರಿಂದ ಆನೆಗೆ ಏನು ಬಂತು ಅಂತಾನೆ. ಅವ್ವನದು ಇನ್ನೊಂದು ಪ್ರಶ್ನೆ. ಮಠದ ಆನೆಗೆ ಬಾಳೆಹಣ್ಣು ಕೊಟ್ಟು ತಲೆ ಮೇಲೆ ಸೊಂಡಿಲು ಇಡಿಸಿಕೊಳ್ಳುತ್ತೇವಲ್ಲ, ಅದು ಸರಿ ಆದರೆ ಇದು ಯಾಕೆ ತಪ್ಪು? ಏಜೆಂಟರನ್ನು ಕೇಳಿದರೆ "ಅಲ್ಲೆಲ್ಲ ಗವರ್ನಮೆಂಟ್ ಲೈಸೆನ್ಸ್ ಇರುತ್ತೆ ಸರ್, ಟೆನ್ಶನ್ ಮಾಡ್ಕೋಬೇಡಿ" ಅಂದರು.

ಹೋಗಿ ಬಂದವರು, ಕಾಡಿನ ವಿಷಯ ಗೊತ್ತಿದ್ದವರು ನೇರವಾಗಿ ಹೇಳಿ. ಯಾವುದು ಪರವಾಗಿಲ್ಲ, ಯಾವುದು ಬೇಡವೇ ಬೇಡ? ಇದೆಲ್ಲ ತೆಗೆಸಿದರೆ ಮಕ್ಕಳಿಗೆ ಪ್ರಾಣಿ ತೋರಿಸೋಕೆ ಬೇರೆ ದಾರಿ ಏನಿದೆ?

ಖಾನಾಪುರದ ಕಾಡುಪಾಪ

ಹುಲಿ ಫೋಟೊ ಮೊದಲು ತೆಗೆಸಿ. ಅದರಲ್ಲಿ ಎರಡು ಮಾತಿಲ್ಲ.

ಲೆಕ್ಕ ಹಾಕಿ ನೋಡಿ, ಸರಳ ಇದೆ. ಹುಲಿ ಮರಿಯನ್ನು ತೊಡೆ ಮೇಲೆ ಇಟ್ಟುಕೊಂಡು ಬಾಟಲಿ ಹಾಲು ಕುಡಿಸೋಕೆ ಆಗೋದು ಕೆಲವೇ ತಿಂಗಳು. ಆಮೇಲೆ ಅದಕ್ಕೆ ಹಲ್ಲು, ಉಗುರು, ತೂಕ ಎಲ್ಲ ಬರುತ್ತದೆ. ವರ್ಷಪೂರ್ತಿ ಫೋಟೊ ಅಂಗಡಿ ನಡೀಬೇಕು ಅಂದರೆ ವರ್ಷಪೂರ್ತಿ ಹೊಸ ಮರಿ ಹುಟ್ಟುತ್ತಲೇ ಇರಬೇಕು. ಅದಕ್ಕೆ ಮರಿಯನ್ನು ತಾಯಿಯಿಂದ ಬೇಗ ಬೇರೆ ಮಾಡುತ್ತಾರೆ, ತಾಯಿ ಬೇಗ ಮತ್ತೆ ಗಬ್ಬ ಆಗುತ್ತದೆ. ಸರಿ, ಬೆಳೆದ ಹುಲಿಗಳು ಎಲ್ಲಿಗೆ ಹೋಗುತ್ತವೆ? ಕಾಡಿಗಂತೂ ಅಲ್ಲ. ಬೇಟೆ ಕಲಿಯದ, ಮನುಷ್ಯರನ್ನು ಕಂಡರೆ ಹೆದರದ ಹುಲಿಯನ್ನು ಯಾರು ಕಾಡಿಗೆ ಬಿಡುತ್ತಾರೆ?

ಕಾಂಚನಬುರಿಯ ಟೈಗರ್ ಟೆಂಪಲ್ ಕಥೆ ಮನೆಯಲ್ಲಿ ಎಲ್ಲರಿಗೂ ಹೇಳಿ. ಅದು ಬೌದ್ಧ ವಿಹಾರ, ಸನ್ಯಾಸಿಗಳು ಹುಲಿ ಸಾಕಿದ್ದಾರೆ ಅಂತ ಜಗತ್ತಿನ ಜನ ಹೋಗಿ ಪಕ್ಕದಲ್ಲಿ ಕೂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. 2016ರಲ್ಲಿ ಅಲ್ಲಿನ ಅಧಿಕಾರಿಗಳು ಒಳಗೆ ಹೋಗಿ 137 ಹುಲಿಗಳನ್ನು ಹೊರಗೆ ಸಾಗಿಸಿದರು. ಫ್ರೀಜರ್ ತೆಗೆದರೆ 40 ಸತ್ತ ಮರಿ. ಹುಲಿ ಚರ್ಮದ ತುಂಡು ಹಾಕಿದ ತಾಯಿತಗಳೂ ಸಿಕ್ಕವು. 2019ರ ಹೊತ್ತಿಗೆ ಅಲ್ಲಿಂದ ತಂದ ಹುಲಿಗಳಲ್ಲಿ 86 ಸತ್ತಿದ್ದವು. ಒಂದೇ ರಕ್ತಸಂಬಂಧದಲ್ಲಿ ಮರಿ ಮಾಡಿಸಿ ಮಾಡಿಸಿ ಅವಕ್ಕೆ ರೋಗ ತಡೆಯೋ ಶಕ್ತಿನೇ ಇರಲಿಲ್ಲ, ಡಿಸ್ಟೆಂಪರ್ ವೈರಸ್ ಬಂದು ಹೋದವು.

ಇನ್ನೊಂದು ಮಾತು, ನನ್ನ ಹೆಸರಿನ ಪ್ರಾಣಿ ಆದ್ದರಿಂದ ಹೇಳಲೇಬೇಕು. ರಾತ್ರಿ ಬೀಚ್ ಕಡೆ ಬೀದಿಯಲ್ಲಿ ದೊಡ್ಡ ಕಣ್ಣಿನ ಪುಟ್ಟ ಪ್ರಾಣಿ ಹಿಡಿದು "ಫೋಟೊ, ಫೋಟೊ" ಅಂತ ಬರುವವರು ಇರುತ್ತಾರೆ. ಅದು ಸ್ಲೋ ಲೋರಿಸ್, ನಮ್ಮ ಕಾಡುಪಾಪದ ದಾಯಾದಿ. ಅದರ ಕಡಿತದಲ್ಲಿ ವಿಷ ಇರುತ್ತದೆ, ಅದಕ್ಕೇ ಹಲ್ಲನ್ನು ಕಟ್ಟರ್‌ನಲ್ಲಿ ಕತ್ತರಿಸಿರುತ್ತಾರೆ, ಮರಗಟ್ಟಿಸೋ ಔಷಧಿ ಕೂಡ ಕೊಡೋದಿಲ್ಲ. ರಾತ್ರಿ ಓಡಾಡೋ ಕಣ್ಣಿಗೆ ಫ್ಲ್ಯಾಶ್ ಮೇಲೆ ಫ್ಲ್ಯಾಶ್. ಮಕ್ಕಳು ಮುದ್ದಾಗಿದೆ ಅಂತ ಓಡುತ್ತಾರೆ, ಮೊದಲೇ ಹೇಳಿಟ್ಟಿರಿ.

ಆನೆ ಸವಾರಿಯೂ ಬೇಡ. ನೀವು ನೋಡೋ ಅರ್ಧ ಗಂಟೆಯಲ್ಲಿ ಯಾರೂ ಹೊಡೆಯೋದಿಲ್ಲ, ಹೊಡೆತ ಎಲ್ಲ ಯಾವತ್ತೋ ಆಗಿಹೋಗಿರುತ್ತದೆ. ಚಿಕ್ಕ ಮರಿಯನ್ನು ತಾಯಿಯಿಂದ ಬಿಡಿಸಿ, ಮರದ ಬೊಡ್ಡೆಗಳ ನಡುವೆ ಕಟ್ಟಿ, ಹಸಿವಿನಲ್ಲಿಟ್ಟು, ಅಂಕುಶದಲ್ಲಿ ತಿವಿದು, ಮನುಷ್ಯ ಹೇಳಿದ್ದು ಕೇಳುವ ತನಕ ಬಿಡೋದಿಲ್ಲ. ಹಾಗೆ ಪಳಗಿಸದೆ ಒಂದು ಆನೆ ದಿನಕ್ಕೆ ಹತ್ತಾರು ಅಪರಿಚಿತರನ್ನು ಬೆನ್ನ ಮೇಲೆ ಹತ್ತಿಸಿಕೊಳ್ಳುತ್ತದಾ?

ಲೈಸೆನ್ಸ್ ಅಂದರಲ್ಲ ಏಜೆಂಟರು, ಅದೂ ಕೇಳಿ. ಥೈಲ್ಯಾಂಡಿನಲ್ಲಿ ಸಾಕಿದ ಆನೆಗೆ 1939ರ ಭಾರ ಹೊರುವ ಪ್ರಾಣಿಗಳ ಕಾಯ್ದೆ ಬರುತ್ತದೆ. ಎತ್ತು, ಎಮ್ಮೆ, ಕುದುರೆಗೆ ಇರೋ ಅದೇ ಕಾನೂನು. ಕಾಡಾನೆಗೆ ಬೇರೆ ಕಾನೂನು. ಹೀಗಾಗಿ ಲೈಸೆನ್ಸ್ ಇದೆ ಅಂದರೆ ಆನೆ ಯಾರದು ಅಂತ ಕಾಗದ ಇದೆ ಅಂತ ಅಷ್ಟೆ.

ಬಿಜಾಪುರ ಮಾಸ್ತರ್

ಕಾಡುಪಾಪ ಹೇಳಿದ್ದು ಹುಲಿ ವಿಷಯಕ್ಕೆ ನೂರಕ್ಕೆ ನೂರು ಒಪ್ಪಿದೆ. ಆನೆ ವಿಷಯಕ್ಕೆ ಸ್ವಲ್ಪ ತಡೀರಿ.

ಈ ಆನೆಗಳು ಟೂರಿಸಂಗೆ ಯಾಕೆ ಬಂದವು ಅನ್ನೋದು ಯಾರೂ ಹೇಳೋದಿಲ್ಲ. ಮೊದಲು ಅವು ಕಾಡಿನಲ್ಲಿ ತೇಗದ ದಿಮ್ಮಿ ಎಳೆಯುತ್ತಿದ್ದವು. 1989ರಲ್ಲಿ ಥಾಯ್ ಸರ್ಕಾರ ಮರ ಕಡಿಯೋದನ್ನೇ ನಿಲ್ಲಿಸಿತು. ಕಾಡಿಗೆ ಒಳ್ಳೆಯದಾಯಿತು, ಆದರೆ ಆನೆ ಮತ್ತು ಮಾವುತ ಇಬ್ಬರ ಕೆಲಸವೂ ಒಂದೇ ದಿನ ಹೋಯಿತು. ಕೆಲವರು ಬ್ಯಾಂಕಾಕ್ ಬೀದಿಯಲ್ಲಿ ಆನೆ ಹಿಡಿದು ಭಿಕ್ಷೆ ಬೇಡಿದರು, ಉಳಿದವರು ಟೂರಿಸ್ಟ್ ಕ್ಯಾಂಪು ಸೇರಿದರು. ಒಂದು ದೊಡ್ಡ ಆನೆ ದಿನಕ್ಕೆ ನೂರೈವತ್ತು ಕಿಲೋ ಮೇವು ತಿನ್ನುತ್ತದೆ. ಯಾರು ಕೊಡುತ್ತಾರೆ?

2020ರಲ್ಲಿ ಕೋವಿಡ್ ಬಂದು ಟೂರಿಸ್ಟ್ ನಿಂತಾಗ ಏನಾಯಿತು ಗೊತ್ತಲ್ಲ? ಚಿಯಾಂಗ್ ಮಾಯ್ ಸುತ್ತಲಿನ ಕ್ಯಾಂಪುಗಳಿಂದ ನೂರಕ್ಕೂ ಹೆಚ್ಚು ಆನೆಗಳನ್ನು ಮಾವುತರು ನಡೆಸಿಕೊಂಡು ಬೆಟ್ಟದ ಮೇಲಿನ ತಮ್ಮ ಊರುಗಳಿಗೆ ಹೊರಟರು. ಕ್ಯಾಂಪಲ್ಲಿ ಮೇವಿಗೆ ದುಡ್ಡಿಲ್ಲ, ಊರಲ್ಲಾದರೂ ಹುಲ್ಲು ಸಿಗುತ್ತದೆ ಅಂತ. ಹೀಗಾಗಿ ಎಲ್ಲರೂ ಕೈ ತೊಳೆದುಕೊಂಡು ಹೋಗಬೇಡಿ ಅಂದರೆ ಅದೂ ಆನೆಗೆ ಉಪಕಾರ ಅಲ್ಲ. ಸಾಕಿದ ಮೂರು ಸಾವಿರಕ್ಕೂ ಹೆಚ್ಚು ಆನೆಗಳನ್ನು ಬಿಡೋಕೆ ಅಷ್ಟು ಕಾಡೂ ಅಲ್ಲಿ ಇಲ್ಲ.

ನನ್ನ ಮಾತು ಇಷ್ಟೇ, ಹೋಗಿ, ಆದರೆ ದೂರದಿಂದ ತೋರಿಸುವ ಜಾಗಕ್ಕೆ ದುಡ್ಡು ಕೊಡಿ. ನಿಮ್ಮ ಅಣ್ಣನಿಗೂ ಇದೇ ಉತ್ತರ. ಹಿಂದಿನವರು ಹತ್ತುತ್ತಾರೆ ನಿಜ, ಆದರೆ ಏಜೆಂಟ್ ಮುಂದಿನ ಬ್ಯಾಚಿನ ಲಿಸ್ಟ್ ಮಾಡೋದು ಜನ ಏನು ಕೇಳಿದರು ಅಂತ ನೋಡಿ. ಚಿಯಾಂಗ್ ಮಾಯ್ ಹತ್ತಿರ ಎಲಿಫೆಂಟ್ ನೇಚರ್ ಪಾರ್ಕ್ ಅಂತ ಇದೆ, ಲೆಕ್ ಚೈಲರ್ಟ್ ಅನ್ನೋ ಹೆಣ್ಣುಮಗಳು ಕಟ್ಟಿದ್ದು. ಅಲ್ಲಿ ಸವಾರಿ ಇಲ್ಲ, ಆಟ ಇಲ್ಲ. ಕುಂಟು ಆನೆ, ಕುರುಡು ಆನೆ ಎಲ್ಲ ಅಲ್ಲಿವೆ. ಜನ ಕೇಳಿ ಕೇಳಿ ಸುತ್ತಲಿನ ಎಷ್ಟೋ ಕ್ಯಾಂಪು ಬೆನ್ನ ಮೇಲಿನ ಕುರ್ಚಿ ಇಳಿಸಿದವು.

ಕುರ್ಚಿ ಇಳಿಸಿ ಏನು ಹಾಕಿದರು? ಸ್ನಾನ. ನಿಮ್ಮ ಲಿಸ್ಟಿನ ಮೂರನೇ ಐಟಂ ಅದೇ. "ಎಥಿಕಲ್", "ಸ್ಯಾಂಕ್ಚುರಿ" ಅಂತ ಬೋರ್ಡು ಬರೆಸೋಕೆ ಯಾರ ಪರ್ಮಿಶನ್ನೂ ಬೇಡ. ಬೆಳಗ್ಗೆ ಒಂದು ಬ್ಯಾಚು, ಮಧ್ಯಾಹ್ನ ಒಂದು ಬ್ಯಾಚು, ಸಂಜೆ ಮತ್ತೊಂದು, ಆನೆಗೆ ಬೇಕಿರಲಿ ಬಿಡಲಿ ನೀರಿಗೆ ಇಳೀಬೇಕು. ನೀರಲ್ಲಿ ಹಾಗೆ ಸುಮ್ಮನೆ ನಿಲ್ಲಬೇಕು ಅಂದರೆ ಅದೂ ಪಳಗಿಸಿದ್ದೇ ಅಲ್ವಾ? ಅಣ್ಣ ಇಷ್ಟಕ್ಕೂ ಒಪ್ಪದಿದ್ದರೆ ಮಕ್ಕಳ ಮಾತು ತೆಗೀರಿ. 2025ರ ಜನವರಿಯಲ್ಲಿ ಕೊ ಯಾವೊ ಅನ್ನೋ ದ್ವೀಪದಲ್ಲಿ ಆನೆಗೆ ಸ್ನಾನ ಮಾಡಿಸುತ್ತಿದ್ದ ಸ್ಪೇನಿನ ವಿದ್ಯಾರ್ಥಿನಿಯೊಬ್ಬಳು ಆನೆ ತಿವಿದು ತೀರಿಹೋದಳು.

ಏಜೆಂಟರನ್ನು ಕೇಳೋದು ಹೀಗೆ ಕೇಳಿ: ಮುಟ್ಟೋಕೆ ಬಿಡುತ್ತಾರಾ? ಬಿಡುತ್ತಾರೆ ಅಂದರೆ ಆ ಜಾಗ ಬೇಡ. ರಾತ್ರಿ ಆನೆ ಎಲ್ಲಿರುತ್ತದೆ, ಸರಪಳಿ ಎಷ್ಟು ಉದ್ದ? ಮರಿ ಇದೆಯಾ, ಇದ್ದರೆ ಎಲ್ಲಿಂದ ಬಂತು? ಬೇಜಾರಾದರೆ ಆನೆ ನಿಮ್ಮನ್ನು ಬಿಟ್ಟು ಎದ್ದು ಹೋಗೋಕೆ ಜಾಗ ಇದೆಯಾ? ಕೊನೇದಕ್ಕೆ ಉತ್ತರ ಸಿಕ್ಕರೆ ಉಳಿದದ್ದು ಕೇಳದಿದ್ದರೂ ನಡೆಯುತ್ತದೆ.

ಗೋಕಾಕ ಕರದಂಟು

ಇಷ್ಟೆಲ್ಲ ಕೇಳಿದರೆ ಏಜೆಂಟ್ ಫೋನ್ ಎತ್ತೋದೇ ಬಿಡ್ತಾನೆ ಮಾಸ್ತರೆ 😄

ಬಿಜಾಪುರ ಮಾಸ್ತರ್

ಬಿಡಲಿ ಬಿಡ್ರಿ, ಅಡ್ವಾನ್ಸ್ ಕೊಟ್ಟಿಲ್ಲವಲ್ಲ.

ಜಮಖಂಡಿ ಅಕ್ಕ

ಬೇರೆ ದಾರಿ ಕೇಳಿದಿರಿ, ಅದಕ್ಕೆ ಹೇಳುತ್ತೇನೆ. ನಾವು ಮಕ್ಕಳನ್ನು ಕರೆದುಕೊಂಡು ಶ್ರೀಲಂಕಾಕ್ಕೆ ಹೋಗಿದ್ದೆವು. ಆನೆ ನೋಡಬೇಕು ಅಂದರೆ ನನ್ನ ಮಟ್ಟಿಗೆ ಅದೇ ಜಾಗ.

ಉಡವಲವೆ ಅಂತ ಊರು. ಅಲ್ಲಿ ತಾಯಿ ಸತ್ತ, ಬಾವಿಗೆ ಬಿದ್ದ, ಗುಂಪಿನಿಂದ ತಪ್ಪಿದ ಮರಿ ಆನೆಗಳನ್ನು ಸಾಕುವ ಮನೆ ಇದೆ, 1995ರಿಂದ ವನ್ಯಜೀವಿ ಇಲಾಖೆಯೇ ನಡೆಸುತ್ತಿದೆ. ನಾವು ಕಟ್ಟೆ ಮೇಲೆ ಕಟಾಂಜನದ ಆಚೆ ಕೂರಬೇಕು. ಹಾಲು ಕುಡಿಸುವ ಹೊತ್ತಿಗೆ ಮಾತ್ರ ನೋಡೋಕೆ ಬಿಡುತ್ತಾರೆ. ಗೇಟ್ ತೆಗೆದರೆ ಸಾಕು, ಮರಿಗಳು ನಾಲ್ಕೈದರ ಗುಂಪಲ್ಲಿ ಕಿವಿ ಅಗಲ ಮಾಡಿಕೊಂಡು ಓಡಿ ಬರುತ್ತವೆ. ಒಬ್ಬ ಆಲಿಕೆಗೆ ಹಾಲು ಸುರಿಯುತ್ತಾನೆ, ಅದರ ಪೈಪು ಮರಿ ಬಾಯಿಗೆ. ಅಷ್ಟೂ ಹಾಲು ಕಣ್ಣು ಮುಚ್ಚಿ ತೆಗೆಯೋದರಲ್ಲಿ ಖಾಲಿ. ಒಂದು ಪುಂಡ ಕುಡಿದು ಮುಗಿಸಿ ಸುತ್ತು ಹಾಕಿ ಮತ್ತೆ ಪಾಳಿಗೆ ಬಂದು ನಿಂತಿತ್ತು. ಅವನನ್ನು ಬೆನ್ನಿಗೆ ಕೈ ಹಾಕಿ ಆಚೆ ತಳ್ಳಿದರು, ನಮ್ಮ ಮಗ ಇವತ್ತಿಗೂ ಅದನ್ನೇ ಹೇಳಿಕೊಂಡು ನಗುತ್ತಾನೆ. ನಾಲ್ಕೈದು ವರ್ಷ ಆದ ಮೇಲೆ ಅವನ್ನು ಗುಂಪಾಗಿ ಕಾಡಿಗೆ ಬಿಡುತ್ತಾರೆ. ಇಲ್ಲಿಯವರೆಗೆ ನೂರಕ್ಕೂ ಹೆಚ್ಚು ಆನೆ ಹಾಗೆ ಹೋಗಿವೆ. ಜನರಿಗೆ ಮುಟ್ಟೋಕೆ ಯಾಕೆ ಬಿಡೋದಿಲ್ಲ ಅಂದರೆ ಅದಕ್ಕೇ, ಮನುಷ್ಯರ ರೂಢಿ ಬಿದ್ದ ಆನೆ ನಾಳೆ ಕಾಡಿನಿಂದ ಸೀದಾ ಊರಿಗೇ ಬರುತ್ತದೆ.

ಆಗಸ್ಟ್, ಸೆಪ್ಟೆಂಬರಲ್ಲಿ ಹೋಗೋರು ಮಿನ್ನೇರಿಯಾ ನೋಡಿ. ಹಳೇ ಕಾಲದ ದೊಡ್ಡ ಕೆರೆ. ನೀರು ಇಳಿದು ಅಂಗಳದಲ್ಲಿ ಹೊಸ ಹುಲ್ಲು ಬಂದಾಗ ಸುತ್ತಲಿನ ಕಾಡಾನೆಗಳೆಲ್ಲ ಅಲ್ಲಿ ಸೇರುತ್ತವೆ, ನೂರಾರು. ನಿಮ್ಮ ಡಿಸೆಂಬರಿಗೆ ಅದು ಸಿಗೋದಿಲ್ಲ.

ಆದರೆ ಶ್ರೀಲಂಕಾ ಅಂದ ಕೂಡಲೇ ಎಲ್ಲ ಚೆನ್ನ ಅಂತಲ್ಲ. ಯಾಲ ಅನ್ನೋ ನ್ಯಾಷನಲ್ ಪಾರ್ಕಲ್ಲಿ ಚಿರತೆ ಕಂಡಿತು ಅಂತ ಒಬ್ಬ ಡ್ರೈವರ್ ಫೋನ್ ಮಾಡಿದರೆ ಮುಗೀತು, ಸಂಜೆ ಆರು ಗಂಟೆಯ ಚನ್ನಮ್ಮ ಸರ್ಕಲ್ಲೇ ಅಲ್ಲಿಗೆ ಬಂದ ಹಾಗೆ ಜೀಪು. ಧೂಳು, ಹಾರ್ನು, ಒಬ್ಬರ ಮೇಲೊಬ್ಬರು ನಿಂತು ಕೂಗಾಟ. ಚಿರತೆ ಮರದಿಂದ ಇಳಿಯೋಕೆ ದಾರಿನೇ ಬಿಟ್ಟಿರಲಿಲ್ಲ. ನಾವು ನಮ್ಮ ಡ್ರೈವರಿಗೆ ಮರುದಿನ ಬೆಳಗ್ಗೆನೇ ಹೇಳಿದೆವು, ಚಿರತೆ ಕಾಣದಿದ್ದರೂ ಟಿಪ್ಸ್ ಕೊಡುತ್ತೇವೆ, ಓಡಿಸಬೇಡಪ್ಪ ಅಂತ. ಅವನು ನಿಧಾನವಾಗಿ ಒಂದು ಕೆರೆ ಹತ್ತಿರ ಎಂಜಿನ್ ಬಂದ್ ಮಾಡಿ ನಿಲ್ಲಿಸಿದ. ಮೊಸಳೆ, ನವಿಲು, ಕಾಡೆಮ್ಮೆ, ಬಣ್ಣದ ಕೊಕ್ಕರೆ ಎಲ್ಲ ಅಲ್ಲೇ ಕಂಡವು. ಚಿರತೆ ಕಾಣಲಿಲ್ಲ. ಪಾಪ, ಅವರ ಹೊಟ್ಟೆಪಾಡು ಟಿಪ್ಸ್ ಮೇಲೆ ಇದೆ, ನಾವು ಚಿರತೆಗೆ ಮಾತ್ರ ದುಡ್ಡು ಕೊಟ್ಟರೆ ಅವರು ಓಡಿಸದೆ ಏನು ಮಾಡುತ್ತಾರೆ?

ಬಾಗಲಕೋಟೆ ಬೈನಾಕ್ಯುಲರ್

ಥೈಲ್ಯಾಂಡು, ಶ್ರೀಲಂಕಾ ಎಲ್ಲ ಸರಿ. ನಮ್ಮ ಕಡೆ ಏನು ನಡೀತಿದೆ ಅಂತಲೂ ಸ್ವಲ್ಪ ನೋಡೋಣವಾ?

ಬೇಸಿಗೆಯಲ್ಲಿ ಆಲಮಟ್ಟಿ ಹಿನ್ನೀರು ಇಳಿದು ಕೆಸರು ತೆರೆದುಕೊಂಡಾಗ ನಮ್ಮ ಬಾಗಲಕೋಟೆ ಕಡೆ ಫ್ಲೆಮಿಂಗೊ ಬರುತ್ತವೆ. ತಲೆ ಕೆಳಗೆ ಮಾಡಿ, ಕೊಕ್ಕಿನಿಂದ ಕೆಸರು ನೀರು ಸೋಸಿ, ಅದರಲ್ಲಿನ ಪಾಚಿ, ಸಣ್ಣ ಹುಳ ತಿನ್ನುತ್ತವೆ. ದಿನದ ಬಹುಪಾಲು ಅದೇ ಕೆಲಸ, ಯಾಕಂದರೆ ಒಂದೊಂದು ಗುಟುಕಿಗೆ ಸಿಗೋದು ಅಷ್ಟೇ ಅಷ್ಟು. ಈಗ ಏನಾಗಿದೆ ಅಂದರೆ, ರೀಲ್ಸ್ ಮಾಡೋರಿಗೆ ನಿಂತ ಹಕ್ಕಿ ಸಾಲೋದಿಲ್ಲ, ಹಾರುವ ಗುಲಾಬಿ ಬಣ್ಣ ಬೇಕು. ಒಬ್ಬ ಡ್ರೋನ್ ಬಿಡುತ್ತಾನೆ, ಇನ್ನೊಬ್ಬ ಚಪ್ಪಾಳೆ ಹೊಡೆಯುತ್ತಾನೆ, ಮೊನ್ನೆ ಒಬ್ಬ ಬೈಕನ್ನು ಕೆಸರಂಚಿನ ತನಕ ಓಡಿಸಿದ. ಇಡೀ ಗುಂಪು ಎದ್ದು ಆಚೆ ದಡಕ್ಕೆ ಹೋಯಿತು, ಅಲ್ಲಿ ಮೀನಿನ ಬಲೆಯವರು ಇದ್ದರು, ಮತ್ತೆ ಎದ್ದವು. ನಾನು ಹೇಳೋಕೆ ಹೋದರೆ "ಹಕ್ಕಿ ಹಾರೋದಕ್ಕೇ ಅಲ್ವಾ ಇರೋದು ಅಂಕಲ್" ಅಂದರು!

ಬೀಳಗಿ, ಮುಧೋಳ ನಡುವೆ ಯಡಹಳ್ಳಿ ಚಿಂಕಾರ ಅಭಯಾರಣ್ಯ ಇದೆ. ಎಷ್ಟು ಜನಕ್ಕೆ ಗೊತ್ತು? ಕುರುಚಲು ಗುಡ್ಡ, ಮುಳ್ಳುಕಂಟಿ, ನೋಡಿದರೆ ಬರಡು ಭೂಮಿ ಅನಿಸುತ್ತದೆ. ಅಲ್ಲೇ ಚಿಂಕಾರ ಅನ್ನೋ ಹುಲ್ಲೆ, ಅಲ್ಲೇ ತೋಳ. ಹಸಿರು ಇದ್ದರೆ ಮಾತ್ರ ಕಾಡು ಅನ್ನೋ ನಮ್ಮ ಭ್ರಮೆ ಮೊದಲು ಹೋಗಬೇಕು.

ಖಾನಾಪುರದ ಕಾಡುಪಾಪ

ಬೈನಾಕ್ಯುಲರ್ ಅಣ್ಣ, ಹಕ್ಕಿ ಕಥೆ ಹಾಗಾದರೆ ಕಪ್ಪೆ ಕಥೆ ಕೇಳಿ. ಮಳೆಗಾಲದಲ್ಲಿ ಬೆಳಗಾವಿಯವರೆಲ್ಲ ಅಂಬೋಲಿಗೆ ಹೋಗುತ್ತೇವಲ್ಲ. ಅಂಬೋಲಿ ಟೋಡ್ ಅಂತ ಒಂದು ಪುಟ್ಟ ಕಪ್ಪೆ ಇದೆ, ಮೈಮೇಲೆ ಹುಲಿ ಪಟ್ಟೆ, ಜಂಬಿಟ್ಟಿಗೆ ಕಲ್ಲಿನ ಬಯಲಲ್ಲಿ ಮಳೆ ನೀರು ನಿಂತ ಗುಂಡಿಯಲ್ಲಿ ಮೊಟ್ಟೆ ಇಡುತ್ತದೆ. ಅದರ ಊರು ಅಂಬೋಲಿಯೇ, ಬೇರೆ ಕಡೆ ಹುಡುಕಿದರೆ ಸಿಗೋದಿಲ್ಲ. ಆ ಗುಂಡಿಯಲ್ಲೇ ಕಾರು ಪಾರ್ಕಿಂಗ್. ರಾತ್ರಿ ಟಾರ್ಚ್ ಹಿಡಿದು ಹೋಗೋ ಫೋಟೊಗ್ರಾಫರ್‌ಗಳದ್ದು ಇನ್ನೊಂದು. ಹಸಿರು ಹಾವು ಕೊಂಬೆ ಮೇಲೆ ಮಲಗಿದ್ದರೆ ಹಿಂದೆ ಅಡ್ಡ ಎಲೆ ಬರುತ್ತೆ ಅಂತ ಕಡ್ಡಿಯಿಂದ ಎತ್ತಿ ಬೇರೆ ಕೊಂಬೆಗೆ ಹಾಕೋದು. ಕಪ್ಪೆಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ತಂದು ಚೆಂದದ ಅಣಬೆ ಮೇಲೆ ಕೂರಿಸೋದು. ಫೋಟೊ ನೋಡಿದವರಿಗೆ ಅದು ಕಾಡಿನ ಫೋಟೊ.

ಭೀಮಗಡದ ಬಾರಾಪೇಡೆ ಗುಹೆ ಬಾವಲಿದೂ ಅಷ್ಟೆ. ರಾಟನ್ಸ್ ಬಾವಲಿ ಬಹಳ ವರ್ಷ ಜಗತ್ತಿನಲ್ಲಿ ಅಲ್ಲೊಂದೇ ಕಡೆ ಗೊತ್ತಿತ್ತು, ಆಮೇಲೆ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಸಿಕ್ಕಿತು. 2011ರಲ್ಲಿ ಭೀಮಗಡ ಅಭಯಾರಣ್ಯ ಆಯಿತು. ಈಗಲೂ "ಗುಹೆ ಟ್ರೆಕ್ ಇದೆಯಾ ಬ್ರೋ" ಅಂತ ಮೆಸೇಜ್ ಬರುತ್ತಲೇ ಇರುತ್ತದೆ. ಮರಿ ಹಿಡಿದುಕೊಂಡು ತೂಗಾಡುವ ಬಾವಲಿಗಳ ಮೇಲೆ ಟಾರ್ಚ್ ಬಿಟ್ಟರೆ ಗಾಬರಿಗೆ ಮರಿ ಕೆಳಗೆ ಬೀಳುತ್ತದೆ. ಇಲ್ಲ ಬ್ರೋ, ಇಲ್ಲ.

ಕುಂದಾಪ್ರಿಯ, ಬೆಳಗಾವಿ

ಎಲ್ಲರಿಗೂ ಥ್ಯಾಂಕ್ಸ್. ಫ್ರೀಜರ್ ಕಥೆ ಕೇಳಿ ಅಣ್ಣನೇ ಹುಲಿ ಬೇಡ ಅಂದ. ಸ್ನಾನದ ಸುದ್ದಿ ಹೇಳಿದ ಮೇಲೆ ಅತ್ತಿಗೆ ಅದನ್ನೂ ತೆಗೆಸಿದರು. ಈಗ ಉಳಿದಿರೋದು ಅವ್ವನ ಪ್ರಶ್ನೆ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನನಗೂ ಅವರ ಮನಸ್ಸು ನೋಯಿಸದೆ ಹೇಗೆ ಹೇಳೋದು ಗೊತ್ತಾಗುತ್ತಿಲ್ಲ.

ಜಮಖಂಡಿ ಅಕ್ಕ

ಅವ್ವ ಕೇಳಿದ್ದು ಸರಿಯಾಗೇ ಇದೆ. ಅಲ್ಲಿ ತಪ್ಪು ಅಂದಮೇಲೆ ಇಲ್ಲಿ ಸರಿ ಅನ್ನೋಕೆ ಆಗೋದಿಲ್ಲ.

2025ರಲ್ಲಿ ನಾಂದಣಿ ಮಠದ ಮಹಾದೇವಿ ಆನೆ ವಿಷಯ ನೆನಪಿದೆಯಲ್ಲ, ಮಾಧುರಿ ಅಂತ ಜನ ಕರೀತಾರೆ. ಕೋರ್ಟ್ ಆದೇಶದ ಮೇಲೆ ಜುಲೈನಲ್ಲಿ ಕೊಲ್ಹಾಪುರ ಸೀಮೆಯಿಂದ ಗುಜರಾತಿನ ವನತಾರಾ ಪ್ರಾಣಿ ಪಾಲನಾ ಕೇಂದ್ರಕ್ಕೆ ಕರೆದುಕೊಂಡು ಹೋದರು. ಆವತ್ತು ಬೀಳ್ಕೊಡೋಕೆ ಬಂದ ಜನರ ಅಳು ನೋಡಿದರೆ ಯಾರೂ ಆ ಪ್ರೀತಿ ಸುಳ್ಳು ಅನ್ನೋದಿಲ್ಲ. ನನಗೂ ಕಣ್ಣಲ್ಲಿ ನೀರು ಬಂತು. ಆದರೆ ಆ ಆನೆಗೆ ಕಾಲಿನಲ್ಲಿ ಹುಣ್ಣು, ಕೀಲು ನೋವು, ಬೆಳೆದ ಉಗುರು ಇದ್ದವು ಅಂತ ವರದಿ ಇತ್ತು. ವರ್ಷಗಟ್ಟಲೆ ಒಂದೇ ಇತ್ತು. ಹೆಣ್ಣಾನೆ ಅಂದರೆ ಅಕ್ಕ, ತಂಗಿ, ಅಜ್ಜಿ ಜೊತೆ ಇಡೀ ಜೀವನ ಕಳೆಯೋ ಪ್ರಾಣಿ. ಅಷ್ಟು ದೂರ ಕಳಿಸಿದ್ದು ಸರಿಯಾ ಅನ್ನೋದರ ಬಗ್ಗೆ ಜಗಳ ಆಡಬಹುದು, ನನಗೂ ಪೂರ್ತಿ ಒಪ್ಪಿಗೆ ಇಲ್ಲ. ಸಿಮೆಂಟ್ ನೆಲದ ಮೇಲೆ ಒಂಟಿಯಾಗಿ ನಿಲ್ಲಿಸಿದ್ದು ಸರಿ ಅಂತ ಮಾತ್ರ ಹೇಳೋಕೆ ಆಗೋದಿಲ್ಲ.

ಅವ್ವನಿಗೆ ವಾದ ಮಾಡಬೇಡಿ. ಗುಂಪಿನಲ್ಲಿ ಮರಿ ಜೊತೆ ಇರೋ ಕಾಡಾನೆ ಒಂದು ಸಲ ತೋರಿಸಿ, ಅವರಿಗೇ ಗೊತ್ತಾಗುತ್ತದೆ.

ಬಿಜಾಪುರ ಮಾಸ್ತರ್

ಕಾಡಾನೆ ಥೈಲ್ಯಾಂಡಿನಲ್ಲೇ ತೋರಿಸಬಹುದು, ಪ್ಲ್ಯಾನ್ ಜಾಸ್ತಿ ಬದಲಾಯಿಸೋದೂ ಬೇಡ. ಚಿಯಾಂಗ್ ಮಾಯ್ ಬಿಟ್ಟು ಕುಯಿ ಬುರಿ ನ್ಯಾಷನಲ್ ಪಾರ್ಕ್ ಹಾಕಿಸಿ. ಬ್ಯಾಂಕಾಕಿನಿಂದ ದಕ್ಷಿಣಕ್ಕೆ ಕಾರಲ್ಲಿ ನಾಲ್ಕು ಗಂಟೆ ಹತ್ತಿರ. ಮೊದಲು ಅಲ್ಲಿ ಆನೆಗಳು ಅನಾನಸ್ ಹೊಲಕ್ಕೆ ನುಗ್ಗುತ್ತಿದ್ದವು, ರೈತರು ವಿಷ ಇಟ್ಟು ಕೊಂದದ್ದೂ ಇದೆ. ಆಮೇಲೆ ಕಾಡೊಳಗೇ ಹುಲ್ಲುಗಾವಲು, ನೀರು, ಉಪ್ಪಿನ ಜಾಗ ಮಾಡಿಕೊಟ್ಟರು. ಈಗ ಅದೇ ಊರಿನವರು ಪಿಕಪ್ ಗಾಡಿ ಓಡಿಸುತ್ತಾರೆ, ಗೈಡ್ ಆಗುತ್ತಾರೆ. ಆನೆ ಇದ್ದರೆ ಅವರಿಗೂ ನಾಲ್ಕು ಕಾಸು. ಗುಡ್ಡದ ಮೇಲೆ ನಿಂತು ದೂರದ ಹುಲ್ಲಲ್ಲಿ ಆನೆ, ಕಾಡುಕೋಣ ನೋಡೋದು. ಖಾನಾಪುರದಲ್ಲಿ ಭತ್ತ, ಕಬ್ಬು ಕಳೆದುಕೊಂಡು ಬೈಯುತ್ತಾ ಕೂತಿರೋ ರೈತರಿಗೆ ಇಂಥದ್ದೇನಾದರೂ ಮಾಡಿಕೊಟ್ಟರೆ ಅಂತ ನನಗೆ ಆಸೆ, ಅದು ಬೇರೆ ಮಾತು.

ಬ್ಯಾಂಕಾಕಿಗೆ ಹತ್ತಿರ ಬೇಕು ಅಂದರೆ ಖಾವೊ ಯಾಯ್. 1962ರಲ್ಲಿ ಆದದ್ದು, ಅವರ ಮೊದಲ ನ್ಯಾಷನಲ್ ಪಾರ್ಕ್. ಬೆಳಗ್ಗೆ ಗಿಬ್ಬನ್ ಕೂಗು ಕೇಳುತ್ತದೆ, ನಮ್ಮ ದಾಂಡೇಲಿ ಮಂಗಟ್ಟೆಯ ಬಳಗದವೂ ಇವೆ. ಆನೆ ಮಾತ್ರ ಅದೃಷ್ಟ.

ಕುಂದಾಪ್ರಿಯ, ಬೆಳಗಾವಿ

ಕುಯಿ ಬುರಿ ಅಂದರೆ ಏಜೆಂಟರಿಗೆ ಹೆಸರೇ ಗೊತ್ತಿಲ್ಲ. ಗಾಡಿ ಬೇರೆ ಮಾಡಿಕೊಡುತ್ತೇನೆ, ಆದರೆ ಸವಾರಿ ತೆಗೆದರೂ ದುಡ್ಡು ಕಮ್ಮಿ ಆಗೋದಿಲ್ಲ ಅಂತಾರೆ. ಅವ್ವನಿಗೆ ಮೊಣಕಾಲು ನೋವು, ಜಾಸ್ತಿ ನಡೆಯೋದಿದೆಯಾ?

ಬಿಜಾಪುರ ಮಾಸ್ತರ್

ನಡಿಗೆ ಕಮ್ಮಿ, ಗಾಡಿಯಲ್ಲೇ ಒಯ್ಯುತ್ತಾರೆ, ಆದರೆ ಪಿಕಪ್ ಹಿಂದೆ ಹತ್ತಿ ಇಳಿಯೋದು ಸ್ವಲ್ಪ ಎತ್ತರ. ಆನೆ ನೋಡೋಕೆ ಬಿಡೋದು ಮಧ್ಯಾಹ್ನದ ಮೇಲೆ, ಹೀಗಾಗಿ ಬ್ಯಾಂಕಾಕ್ ಬೆಳಗ್ಗೆನೇ ಬಿಡಿ, ರಾತ್ರಿ ಹುವಾ ಹಿನ್‌ನಲ್ಲಿ ಉಳೀರಿ. ಸವಾರಿ ದುಡ್ಡಿಗೆ ಇನ್ನೊಂದು ಏಜೆಂಟ್ ಹತ್ತಿರ ಕೊಟೇಶನ್ ತಗೊಂಡು ಇವರಿಗೆ ತೋರಿಸಿ, ತಾನಾಗೇ ಕಮ್ಮಿ ಆಗುತ್ತದೆ.